ಸುಗ್ಗಿಯ ಧೂಳೂ ಮೂಗಿನ ಉಸಿರೂ

ಚನ್ನಗಿರಿಯ ಮನೆಯಂಗಳಗಳಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ ಏಳುವ ಕಾಲವೂ, ಜಗಳೂರಿನ ಹೊಲಗಳಲ್ಲಿ ಮೆಕ್ಕೆಜೋಳವನ್ನು ಯಂತ್ರಕ್ಕೆ ಹಾಕುವ ಕಾಲವೂ, ಹೊನ್ನಾಳಿ ನ್ಯಾಮತಿಗಳ ಕಣಗಳಲ್ಲಿ ಭತ್ತದ ಹೊಟ್ಟು ಹಾರುವ ಕಾಲವೂ ಹೆಚ್ಚುಕಡಿಮೆ ಒಂದೇ. ಹಾದಿಯ ಬದಿಯಲ್ಲಿ ಕಾಂಗ್ರೆಸ್ ಗಿಡವು ಬಿಳಿಯ ಹೂಗಳನ್ನು ಹೊತ್ತು ನಿಂತಿರುವುದೂ ಆಗಲೇ. ರೈತನಿಗೆ ಇದು ಹರ್ಷದ ಕಾಲ. ಆದರೆ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಸೀನು, ನೆಗಡಿ, ಕಣ್ಣಿನ ತುರಿಕೆ, ರಾತ್ರಿಯ ಕೆಮ್ಮು, ಕಡೆಗೆ ಗೂರಲು, ಇವುಗಳ ಕಾಲವಾಗಿರುತ್ತದೆ. ಕಸ ಗುಡಿಸುವವರೂ ಅಡಿಕೆ ಸುಲಿಯುವವರೂ ಒಲೆಯ ಮುಂದೆ ಕೂಡುವವರೂ ಬಹುಮಟ್ಟಿಗೆ ಅವರೇ ಅಲ್ಲವೇ?

ಈ ಬಾಧೆಯು ಅಲ್ಪವಾದುದೆಂದು ಯಾರೂ ತಿಳಿಯಲಾಗದು. ಬೆಂಗಳೂರಿನ ವೈದ್ಯರಾದ ಎಚ್. ಪರಮೇಶರು 1979 ರಿಂದ 1999 ರ ವರೆಗೆ 20,000 ಮಕ್ಕಳನ್ನು ಪರೀಕ್ಷಿಸಿದಾಗ, ಗೂರಲುಳ್ಳವರ ಪ್ರಮಾಣವು ಶೇಕಡ 9 ರಿಂದ 29.5 ಕ್ಕೆ ಏರಿದ್ದುದು ಕಂಡುಬಂದಿತು.

ಮೂಗಿನಿಂದಲೇ ಮೆಲ್ಲಗೆ ಉಸಿರಾಡುವ ಅಭ್ಯಾಸವನ್ನು ಪ್ರತಿಯೊಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಸೃಷ್ಟಿಕರ್ತನು ಜೀವಶ್ವಾಸವನ್ನು ಊದಿದ್ದು ಮೂಗಿನಲ್ಲಿ ಎಂಬುದನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಆದಿಕಾಂಡದಲ್ಲಿ ಓದಿದವರು. ಮೂಗು ಗಾಳಿಯನ್ನು ಸೋಸುತ್ತದೆ, ಬೆಚ್ಚಗೆ ಮಾಡುತ್ತದೆ, ತೇವಗೊಳಿಸುತ್ತದೆ. ಬಾಯಿಗೆ ಈ ಸಾಮರ್ಥ್ಯ ಸಾಲದು. ಬಾಯಿಂದ ಎಳೆದ ಧೂಳೂ ತಂಪುಗಾಳಿಯೂ ನೆಟ್ಟಗೆ ಒಳಕ್ಕೆ ಇಳಿಯುತ್ತವೆ.

ವಿಧಾನವು ಸುಲಭವಾದುದು. ಬೆನ್ನು ನೆಟ್ಟಗಿರಿಸಿ ಕುಳಿತು, ಬಾಯಿ ಮುಚ್ಚಿ, ಭುಜಗಳನ್ನು ಎತ್ತದೆ, ಹೊಟ್ಟೆ ಮೆಲ್ಲಗೆ ಉಬ್ಬುವಂತೆ ಮೂರು ಎಣಿಸುವಷ್ಟು ಹೊತ್ತು ಉಸಿರನ್ನು ಒಳಕ್ಕೆ ತೆಗೆದುಕೊಳ್ಳಬೇಕು; ಐದು ಎಣಿಸುವಷ್ಟು ಹೊತ್ತು ಹೊರಕ್ಕೆ ಬಿಡಬೇಕು. ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ ಸಾಕು. ಮೂಗು ಕಟ್ಟಿದ್ದರೆ, ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಹಾ ಚಮಚೆ ಉಪ್ಪು ಹಾಕಿ ಮೊದಲು ಮೂಗನ್ನು ತೊಳೆಯಬಹುದು. ಗೂರಲು ಎದ್ದಿರುವಾಗ ಮಾತ್ರ ರಭಸದ ಪ್ರಾಣಾಯಾಮವನ್ನು ಮಾಡಿಸುವುದು ಸರ್ವಥಾ ಯುಕ್ತವಲ್ಲ.

ಇಷ್ಟು ಹೇಳಿದ ಮೇಲೆ ಇದಕ್ಕಿಂತ ಮುಖ್ಯವಾದ ಮಾತೊಂದನ್ನು ಹೇಳದಿದ್ದರೆ ನಾವು ಕರ್ತವ್ಯಭ್ರಷ್ಟರಾದೇವು. ಸೋವಿಯತ್ ದೇಶದ ವೈದ್ಯನಾದ ಬುಟೇಕೊ 1950 ರ ದಶಕದಲ್ಲಿ ಇಂಥ ಮಂದಶ್ವಾಸದ ಪದ್ಧತಿಯನ್ನು ಬಳಕೆಗೆ ತಂದನು. ಅದನ್ನು ಮುಂದೆ ಪರೀಕ್ಷಿಸಿದವರು, ಇದರಿಂದ ರೋಗಿಯ ಸಂಕಟವು ಕಡಿಮೆಯಾಗುವುದೆಂದೂ, ಆದರೆ ಶ್ವಾಸನಾಳದೊಳಗಣ ಬಾವು ಇದರಿಂದ ಇಳಿಯುವುದೆಂಬುದಕ್ಕೆ ಆಧಾರವಿಲ್ಲವೆಂದೂ ಕಂಡಿದ್ದಾರೆ. ಆ ಬಾವನ್ನು ಇಳಿಸುವುದು ವೈದ್ಯರು ಕೊಡುವ ಸೇದುವ ಔಷಧಿ, ಎಂದರೆ ಇನ್‌ಹೇಲರು.

ಆದರೆ ನಮ್ಮ ಕಡೆಯ ಎಷ್ಟು ತಾಯಂದಿರು ಅದನ್ನು ಮಗಳ ಕೈಯಲ್ಲಿ ಕಾಣಲು ಒಪ್ಪುತ್ತಾರೆ? ಗಂಡಿನ ಕಡೆಯವರಿಗೆ ತಿಳಿದೀತೆಂದು ಅದನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಬಚ್ಚಿಡುವವರನ್ನೂ, ಒಮ್ಮೆ ಹಿಡಿದರೆ ಬಿಡದ ಚಟವೆಂದು ಅಂಜುವವರನ್ನೂ ನಾವು ಬಲ್ಲೆವು. ಅದು ಚಟವಲ್ಲ. ಇನ್ನು ಕೆಲವರು ಉಸಿರಿನ ಅಭ್ಯಾಸವೇ ಸಾಕೆಂದು ಔಷಧಿಯನ್ನು ನಿಲ್ಲಿಸಿಬಿಡುತ್ತಾರೆ. ಮಗಳ ಮಾನ ಉಳಿಸುವೆವೆಂದು ಆಕೆಯ ಉಸಿರನ್ನು ಪಣಕ್ಕೊಡ್ಡುವುದು ಯಾವ ವಿವೇಕ? ಒಂದು ವಾಕ್ಯವನ್ನು ತಡೆಯಿಲ್ಲದೆ ಆಡಲಾರದವಳನ್ನೂ, ತುಟಿ ನೀಲಿಗಟ್ಟಿದವಳನ್ನೂ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಈ ಸುಗ್ಗಿಗೆ ಮೊದಲೇ ನಿಮ್ಮ ಮಕ್ಕಳಿಗೆ ಮೂಗಿನ ಉಸಿರನ್ನು ಕಲಿಸಿರಿ. ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿರಿ. ಧೂಳಿನ ಕೆಲಸದಲ್ಲಿ ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಸಿರಿ. ಉಬ್ಬಸವುಳ್ಳ ಹುಡುಗಿಯನ್ನು ಕಣದಿಂದಲೂ ಹಂಡೆಯ ಹೊಗೆಯಿಂದಲೂ ದೂರವಿರಿಸಿ, ಆ ಕೆಲಸವನ್ನು ಅವಳ ಅಣ್ಣತಮ್ಮಂದಿರಿಗೆ ಒಪ್ಪಿಸಿರಿ. ಬೇಕಾದವಳ ಔಷಧಿಯು ಪೆಟ್ಟಿಗೆಯಿಂದ ಹೊರಬಂದು ಪುಸ್ತಕದ ಚೀಲದಲ್ಲಿ ಎಲ್ಲರಿಗೂ ಕಾಣುವಂತೆ ಇರಲಿ. ಕನ್ನಡಕವನ್ನು ಹಾಕಿಕೊಳ್ಳಲು ನಾಚದ ಹುಡುಗಿಯು ಇದಕ್ಕೇಕೆ ನಾಚಬೇಕು?