ಗಾಳಿಯಲೆ ಯಾರಪ್ಪನ ಸ್ವತ್ತು?

2023ರ ಮಾರ್ಚ್ 12ಕ್ಕೆ ಪ್ರಧಾನಿ ನಮ್ಮ ಗೆಜ್ಜಲಗೆರೆಗೆ ಬಂದು ದಶಪಥ ಉದ್ಘಾಟಿಸಿದರು. ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು ಹತ್ತಕೂಡದು ಅಂತ ಅಪ್ಪಣೆ. ಹಾಗಾದರೆ ಈ ರಸ್ತೆ ಯಾರಿಗೆ? ರೇಡಿಯೋದಲ್ಲಿ ನಾವು ಕೇಳೋಣ ಅಂದರೆ ಬಾಯಿಗೆ ಬೀಗ.

ಪ್ರಧಾನಿಯ ಮನದ ಮಾತಿಗೆ 2014ರಿಂದಲೇ ಆಕಾಶವಾಣಿ ಬಾಗಿಲು ತೆರೆದಿದೆ. ನಮ್ಮ ಕೇರಿಯ ಮಾತಿಗೆ? ಗಾಳಿಯಲೆ ಸಾರ್ವಜನಿಕ ಸ್ವತ್ತು ಅಂತ 1995ರಲ್ಲೇ ಸುಪ್ರೀಂ ಕೋರ್ಟು ಹೇಳಿತು. ಆದರೂ ಸಮುದಾಯ ಬಾನುಲಿಯಲ್ಲಿ ನಾವೇ ಬರೆದ ಸುದ್ದಿ ಓದುವಂತಿಲ್ಲ, ಆಕಾಶವಾಣಿಯದ್ದನ್ನೇ ಗಿಳಿಯಂತೆ ಒಪ್ಪಿಸಬೇಕು. ಬೆಳೆ, ಹಾಡು, ಹವಾಮಾನ ಆಗಬಹುದಂತೆ. ಕೂಲಿ ಯಾಕೆ ಕಡಿಮೆ ಅಂದರೆ ರಾಜಕೀಯವಂತೆ! ಅಂದು ಬಾವಿ ಮುಟ್ಟಬೇಡಿ ಅಂದರು, ಇಂದು ಗಾಳಿ ಮುಟ್ಟಬೇಡಿ ಅಂತಾರೆ.

ಆ ನಿಷೇಧ ಕಿತ್ತುಹಾಕಿ. ನಮ್ಮ ತೆರಿಗೆಯ ಆಕಾಶವಾಣಿಯಲ್ಲೂ ದಿನಕ್ಕೆ ಅರ್ಧ ಗಂಟೆ ಕೂಲಿಯವರ ಸುದ್ದಿ ಬರಲಿ, ಕೂಲಿಯವರ ಬಾಯಿಂದಲೇ.