ಇಂಗ್ಲಿಷ್ ಮಾಷ್ಟ್ರು ಊರಿಗೆ ಹೋದರು

ಶುಕ್ರವಾರ ಸಂಜೆ ಕಾಸರಗೋಡು ನಿಲ್ದಾಣದಲ್ಲಿ ಮಾವೇಲಿ ಎಕ್ಸ್‌ಪ್ರೆಸ್ಸಿಗೆ ಕಾದು ನಿಂತವರಲ್ಲಿ ಮಾಷ್ಟ್ರುಗಳೆಷ್ಟು, ಟೀಚರುಗಳೆಷ್ಟು ಎಂದು ಒಮ್ಮೆ ನೋಡಬೇಕು. ಕೊಲ್ಲಂ, ತಿರುವನಂತಪುರ ಕಡೆಯಿಂದ ಪಿ.ಎಸ್.ಸಿ. ಬರೆದು ಇಲ್ಲಿಗೆ ಬಂದವರು. ಊರಲ್ಲಿ ವಯಸ್ಸಾದ ತಂದೆತಾಯಿ, ಸಣ್ಣ ಮಕ್ಕಳು. ಅಂತರ್‌ಜಿಲ್ಲಾ ವರ್ಗಾವಣೆಗೆ ಅರ್ಜಿ ಹಾಕಿ ದಿನ ಎಣಿಸುತ್ತಾರೆ. ತಪ್ಪೇನಿದೆ? ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು. ಆದರೆ ಅವರು ಬಿಟ್ಟುಹೋದ ಕುರ್ಚಿಯ ಎದುರು ಕುಳಿತ ಮಕ್ಕಳ ಗತಿಯೇನು?

ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಗಣಿತಕ್ಕೋ ಸಮಾಜ ವಿಜ್ಞಾನಕ್ಕೋ ಕನ್ನಡ ಬಾರದವರನ್ನು ನೇಮಿಸಿದಾಗ ಹೆತ್ತವರು, ಮಕ್ಕಳು ಬೀದಿಗಿಳಿದದ್ದುಂಟು. ಆ ವಿಷಯಗಳಿಗೆ ಪಿ.ಎಸ್.ಸಿ.ಯಲ್ಲಿ ‘ಕನ್ನಡ ಮಾಧ್ಯಮ’ ಎಂಬ ಬೇರೆಯೇ ಹುದ್ದೆ ಇದೆ. ತಪ್ಪಿದಾಗ ಬೆರಳಿಟ್ಟು ತೋರಿಸಬಹುದು. ಇಂಗ್ಲಿಷಿಗೆ ಹಾಗಿಲ್ಲ. ಇಂಗ್ಲಿಷ್ ಕಲಿಸೋದಕ್ಕೆ ಕನ್ನಡ ಯಾಕೆ ಎಂಬುದು ಸರಕಾರದ ಲೆಕ್ಕ. ವಿಷಾದದ ಮಾತೆಂದರೆ, ನಮ್ಮ ಲೆಕ್ಕವೂ ಅದೇ ಆಗಿದೆ. ಇಂಗ್ಲಿಷ್ ಮಾಷ್ಟ್ರಿಗೆ ಕನ್ನಡ ಬಾರದೆಂದು ಯಾರೂ ಧರಣಿ ಕೂತದ್ದನ್ನು ನಾನು ಕಂಡಿಲ್ಲ.

ಕ್ಲಾಸಿನೊಳಗೆ ಆಗುವುದೇ ಬೇರೆ. ಎಂಟನೆಯ ತರಗತಿಯ ಹುಡುಗನಿಗೆ ಇಂಗ್ಲಿಷ್ ಪಾಠ ತಲೆಗೆ ಹತ್ತದಿದ್ದಾಗ ಮಾಷ್ಟ್ರು ತಮಗೆ ಬರುವ ಭಾಷೆಯಲ್ಲಿ ಬಿಡಿಸಿ ಹೇಳುತ್ತಾರೆ. ಅದು ಮಲಯಾಳ. ಪೈವಳಿಕೆ, ಬಾಯಾರು, ಎಣ್ಮಕಜೆ ಕಡೆಯ ಹಲವು ಮಕ್ಕಳಿಗೆ ಮನೆಯಲ್ಲಿ ತುಳು, ಹವಿಗನ್ನಡ ಅಥವಾ ಮರಾಟಿ, ಶಾಲೆಯಲ್ಲಿ ಕನ್ನಡ. ಅವರಿಗೆ ಕಾಸರಗೋಡು ಪೇಟೆಯ ಮಲಯಾಳವೇ ಅರ್ಧಂಬರ್ಧ. ತಿರುವನಂತಪುರದ್ದು ಹೇಗೆ ಹತ್ತಬೇಕು? “ಸರ್ ಹೇಳಿದ್ದು ಇಂಗ್ಲಿಷೋ ಮಲಯಾಳವೋ ಅಂತ್ಲೇ ಗೊತ್ತಾಗ್ಲಿಲ್ಲ” ಎಂದ ಹುಡುಗನ ಮಾತು ಕೇಳಿ ನಾವು ನಕ್ಕೆವು. ನಗಬಾರದಿತ್ತು.

ಒಂದು ಸಣ್ಣ ಉದಾಹರಣೆ. ‘ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ’ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ಕನ್ನಡದ ಮಗುವಿಗೆ ಆಡುಮಾತಿನಿಂದಲೇ ಗೊತ್ತು. ಅದರ ಕೈಹಿಡಿದು ‘ಐ ಗೋ, ಶೀ ಗೋಸ್’ ಕಲಿಸಿದರೆ ಅರ್ಧ ಕೆಲಸ ಮುಗಿಯಿತು. ಮಲಯಾಳದಲ್ಲಿ ನಾನು ಹೋದರೂ ‘ಪೋಯಿ’, ಅವಳು ಹೋದರೂ ‘ಪೋಯಿ’. ಆ ಭಾಷೆಯಲ್ಲಿ ಬೆಳೆದ ಮಾಷ್ಟ್ರು ಎಷ್ಟೇ ವಿದ್ವಾಂಸರಾಗಿರಲಿ, ಮಗುವಿನ ಕೈಯಲ್ಲಿ ಆಗಲೇ ಇರುವ ಈ ಬೀಗದಕೈ ಅವರ ಕಣ್ಣಿಗೆ ಬೀಳುವುದಿಲ್ಲ. ಅವರ ಉಚ್ಚಾರವನ್ನು ಗೇಲಿ ಮಾಡುವವರಿದ್ದಾರೆ. ಅದು ಸಣ್ಣತನ, ಪ್ರಶ್ನೆ ಉಚ್ಚಾರದ್ದಲ್ಲ.

ಕೆಲವು ವರ್ಷ ಇದ್ದವರು ನಾಲ್ಕು ಮಾತು ಕನ್ನಡ ಕಲಿತಿರುತ್ತಾರೆ, ಮಕ್ಕಳೂ ಒಗ್ಗಿರುತ್ತಾರೆ. ಅಷ್ಟರಲ್ಲಿ ವರ್ಗಾವಣೆಯ ಆದೇಶ. ಮತ್ತೆ ದಿನವೇತನದವರು; ಅವರೂ ಸಿಗುವ ತನಕ ಬೇರೆ ವಿಷಯದವರು ಬಂದು ಪೀರಿಯಡ್ ತುಂಬಿಸುತ್ತಾರೆ. ಎಂಟರಿಂದ ಹತ್ತರೊಳಗೆ ಮೂರು ಇಂಗ್ಲಿಷ್ ಮಾಷ್ಟ್ರುಗಳನ್ನು ಕಂಡ ಮಕ್ಕಳನ್ನು ನಾನು ಬಲ್ಲೆ. ಅನುದಾನಿತ ಶಾಲೆಗಳಲ್ಲಿ ಈ ಕಾಟ ಕಡಿಮೆ. ಅಲ್ಲಿ ನೇಮಕ ಮಾಡುವವರು ಮ್ಯಾನೇಜರು, ಬರುವವರು ಹೆಚ್ಚಾಗಿ ಊರಿನವರೇ, ನಿವೃತ್ತಿಯ ತನಕ ಇರುತ್ತಾರೆ. (ಆ ನೇಮಕದ ಬೇರೆ ಕತೆಗಳು ಇಲ್ಲಿ ಬೇಡ.)

‘ಇಂಗ್ಲಿಷ್ ಬರ್ಲಿಕ್ಕಿಲ್ಲ’ ಎಂದು ಹೆತ್ತವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಎತ್ತಿ ಹಾಕುತ್ತಾರೆ. ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆ ಎಣಿಸುವಾಗ ಕನ್ನಡ ಡಿವಿಜನ್ ತೆಳ್ಳಗಾಗಿರುತ್ತದೆ. ಕನ್ನಡ ಬಲ್ಲ ಗಣಿತದ ಮಾಷ್ಟ್ರ ಹುದ್ದೆಗೂ ಕುತ್ತು. ಕನ್ನಡಕ್ಕೆ ಪೆಟ್ಟು ಬೀಳುವುದು ಇಂಗ್ಲಿಷ್ ಪೀರಿಯಡ್ಡಿನಲ್ಲಿ.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ 350 ಎ ವಿಧಿ ಸೇರಿತು. ಅದು ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಹೈಸ್ಕೂಲಿಗೆ ಅದನ್ನು ಹಿಡಿದು ಕೂರುವಂತಿಲ್ಲ. ಕೇಳಬೇಕಾದ್ದು ಸಣ್ಣದು. ಕನ್ನಡ ಮಾಧ್ಯಮ ಶಾಲೆಯ ಇಂಗ್ಲಿಷ್ ಹುದ್ದೆಗೂ ಕನ್ನಡ ಜ್ಞಾನ ಬೇಕೆಂಬ ನಿಯಮ. ಅದಾಗುವ ತನಕ, ಹೊಸದಾಗಿ ಬಂದವರಿಗೆ ಮಾಯಿಪ್ಪಾಡಿಯ ಡಯಟ್‌ನಲ್ಲಿ ಮೂರು ತಿಂಗಳ ಕನ್ನಡ ಪಾಠ. ಬದಲಿ ಬಾರದೆ ಇದ್ದವರನ್ನು ಶೈಕ್ಷಣಿಕ ವರ್ಷದ ನಡುವೆ ಬಿಡುಗಡೆ ಮಾಡದಿರುವುದು.

ನಮ್ಮವರ ಪಾಲೂ ಇದೆ. ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿದ ನಮ್ಮ ಹುಡುಗ ಹುಡುಗಿಯರು ಮಂಗಳೂರು, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಪಿ.ಎಸ್.ಸಿ. ಯಾಕೆ ಬರೆಯಲಿಲ್ಲ ಎಂದು ಒಬ್ಬಳನ್ನು ಕೇಳಿದೆ. “ಅಧಿಸೂಚನೆ ಬಂದದ್ದೇ ಗೊತ್ತಾಗ್ಲಿಲ್ಲ ಮಾವ, ಗೊತ್ತಾಗುವಾಗ ಕೊನೇ ದಿನ ಕಳೆದಿತ್ತು” ಎಂದಳು.