ಬೆಟ್ಟದ ಮರ ಬೆಟ್ಟಕ್ಕಿರಲಿ, ಗೋಡೆಯ ಮರ ಕುಂಡಕ್ಕೆ ಬರಲಿ

ಬೋನ್ಸಾಯಿ ಪ್ರದರ್ಶನಗಳಲ್ಲಿ ಪ್ರತಿ ಕುಂಡದ ಮುಂದೆ ಒಂದು ಚೀಟಿ ಇಟ್ಟಿರುತ್ತಾರೆ. ಮರದ ಹೆಸರು, ವಯಸ್ಸು, ಬೆಳೆಸಿದವರ ಹೆಸರು ಅದರಲ್ಲಿರುತ್ತವೆ. ಮರ ಎಲ್ಲಿಂದ ಬಂತು ಎನ್ನುವುದು ಮಾತ್ರ ಇರುವುದಿಲ್ಲ. ಎಂಬತ್ತು ವರ್ಷದ ಮರವನ್ನು ನಲವತ್ತು ದಾಟದವರು ಬೆಳೆಸಿದ್ದಾರೆ ಎಂದಿದ್ದರೆ, ಅವರು ಹುಟ್ಟುವ ಮೊದಲು ಅದು ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ಅಜ್ಜನ ಕಾಲದ್ದಿರಬಹುದು, ನರ್ಸರಿಯಲ್ಲಿ ಕೊಂಡದ್ದಿರಬಹುದು. ಯಾವುದೋ ಬೆಟ್ಟದ ಬಂಡೆ ಸಂದಿಯಿಂದ ಹಾರೆ ಹಾಕಿ ಎಬ್ಬಿಸಿ ತಂದದ್ದೂ ಇರಬಹುದು.

ಕುಂಡದಲ್ಲಿ ಮರ ಬೆಳೆಸುವ ಹವ್ಯಾಸ ನಮ್ಮಲ್ಲಿ ಹೊಸದಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ, ಮೈಸೂರಿನ ಕಿಷ್ಕಿಂಧಾ ಮೂಲಿಕಾ ಬೋನ್ಸಾಯಿ ಉದ್ಯಾನದಲ್ಲಿ ಇವುಗಳ ಮುಂದೆ ನಿಂತು ಬೆರಗಾದವರು ಲೆಕ್ಕವಿಲ್ಲದಷ್ಟು ಜನ. ಹೊಸದೆಂದರೆ, ಆಮದಾದ ಜಾತಿಗಳು ಸಾಕಾಗಿ ‘ನಮ್ಮ ಮರ’ ಬೇಕು ಎನ್ನುವ ಆಸೆ. ಬೇಲ, ಹುಣಸೆ, ಬನ್ನಿ, ಎಲಚಿ, ಕಲ್ಲರಳಿಗಳನ್ನು ಕುಂಡದಲ್ಲಿ ನೋಡಬೇಕೆಂಬುದು ಒಳ್ಳೆಯ ಆಸೆಯೇ. ತೊಂದರೆ ಇರುವುದು ಅದರ ಬೆನ್ನಿಗೇ ಬಂದ ಇನ್ನೊಂದು ನಂಬಿಕೆಯಲ್ಲಿ: ಕಾಡಿನಿಂದ ಎತ್ತಿ ತಂದ ಮರವೇ ಶ್ರೇಷ್ಠ, ಬೀಜದಿಂದ ಬೆಳೆಸಿದ್ದು ಎರಡನೇ ದರ್ಜೆ ಎನ್ನುವುದರಲ್ಲಿ. ಜಪಾನೀಯರು ಹಾಗೆ ಬೆಟ್ಟದಿಂದ ತಂದ ಮರವನ್ನು ಯಮಾದೊರಿ ಎನ್ನುತ್ತಾರೆ. ಬೆಂಗಳೂರಿನ ತಾರಸಿ ತೋಟಗಳಲ್ಲೂ ಈಗ ಆ ಹೆಸರು ಓಡಾಡುತ್ತಿದೆ.

ಕಾಡಿನ ಮರಕ್ಕೆ ಮನಸೋಲುವುದು ಸಹಜ. ಬುಡ ದಪ್ಪವಾಗಿ ತುದಿಯತ್ತ ಸಣ್ಣಗಾಗುತ್ತ ಹೋಗುವ ಕಾಂಡ, ತೊಗಟೆಯ ಬಿರುಕು, ಎಂದೋ ಒಣಗಿ ಬೆಳ್ಳಗಾದ ಕೊಂಬೆಯ ಮೋಟು, ಇವನ್ನೆಲ್ಲ ಗಾಳಿ, ಬರ, ಮೇಕೆಯ ಬಾಯಿ ಸೇರಿ ದಶಕಗಟ್ಟಲೆ ಕೆತ್ತಿರುತ್ತವೆ. ನರ್ಸರಿಯ ಸಸಿಗೆ ಆ ಮುಖ ಬರಬೇಕಾದರೆ ಬೆಳೆಸುವವನ ಅರ್ಧ ಆಯುಷ್ಯ ಬೇಕು. ಅಷ್ಟು ವರ್ಷಗಳನ್ನು ಒಂದು ಬೆಳಗಿನ ಹಾರೆ ಕೆಲಸದಲ್ಲಿ ಗಳಿಸುವುದಾದರೆ ಯಾರಿಗೆ ಬೇಡ?

ಈ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಜಪಾನೇ ಸಾಕ್ಷಿ. ನೀಗಾತ ಪ್ರಾಂತ್ಯದ ಇತೊಯಿಗಾವದ ಸುಣ್ಣಕಲ್ಲಿನ ಪ್ರಪಾತಗಳಲ್ಲಿ ಶಿಂಪಾಕು ಎಂಬ ಜೂನಿಪರ್ ಬೆಳೆಯುತ್ತಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಅದಕ್ಕೆ ಬೇಡಿಕೆ ಹುಟ್ಟಿದ್ದೇ ತಡ, ಹಗ್ಗಕ್ಕೆ ಜೋತುಬಿದ್ದು ಪ್ರಪಾತ ಇಳಿದು ಮರ ಕೀಳುವುದನ್ನೇ ಕಸುಬು ಮಾಡಿಕೊಂಡವರು ಬಂದರು. ಕೆಲವರು ಬಿದ್ದು ಸತ್ತರು. ಕೆಲವೇ ದಶಕಗಳಲ್ಲಿ ಕೈಗೆಟುಕುವ ಒಳ್ಳೆಯ ಮರಗಳೆಲ್ಲ ಮುಗಿದವು. ಇಂದು ಇತೊಯಿಗಾವದ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಗಿಡಗಳು ಆ ತಳಿಯ ಕಡ್ಡಿಯಿಂದ ಬೆಳೆಸಿದವು, ಇಲ್ಲವೇ ಬೇರೆ ಜೂನಿಪರ್ ಕಾಂಡಕ್ಕೆ ಕಸಿ ಕಟ್ಟಿದವು.

ನಮ್ಮ ಹವ್ಯಾಸಿಗಳು ಅದೇ ದೇಶದ ಇನ್ನೊಂದು ಊರನ್ನು ಹೆಚ್ಚು ನೋಡಬೇಕಿತ್ತು. ಶಿಕೋಕು ದ್ವೀಪದ ತಕಮಾತ್ಸು ನಗರಕ್ಕೆ ಸೇರಿದ ಕಿನಾಶಿಯಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆ ಸಮುದ್ರ ದಂಡೆಯ ಪೈನ್ ಗಿಡಗಳನ್ನು ಕಿತ್ತು ತಂದು ಕುಂಡಕ್ಕೆ ಹಾಕುತ್ತಿದ್ದರು. ಆಮೇಲೆ ಅವರು ಗದ್ದೆಯಲ್ಲೇ ಪೈನ್ ಬೆಳೆಯತೊಡಗಿದರು. ನಮ್ಮಲ್ಲಿ ಅಡಿಕೆ ಸಸಿಯ ಸಾಲು ಇರುವ ಹಾಗೆ ಅಲ್ಲಿ ಬೋನ್ಸಾಯಿ ಪೈನ್ ಸಾಲುಗಳಿವೆ. ಜಪಾನಿನ ಪೈನ್ ಬೋನ್ಸಾಯಿಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಬರುವುದು ಈ ಸೀಮೆಯಿಂದ. ಕಾಂಡದ ಬಳುಕಿಗೆ ಅಲ್ಲಿ ಗಾಳಿಯ ದಾರಿ ಕಾಯುವುದಿಲ್ಲ, ಸಸಿ ಎಳೆಯದಾಗಿರುವಾಗಲೇ ತಂತಿ ಸುತ್ತಿ ಬಾಗಿಸುತ್ತಾರೆ. ಬೋನ್ಸಾಯಿಯ ತವರೇ ಕಾಡು ಬಿಟ್ಟು ಹೊಲಕ್ಕೆ ಇಳಿದಿದೆ. ನಾವು ಅವರು ಬಿಟ್ಟ ಕಡೆಯಿಂದ ಶುರು ಮಾಡುತ್ತಿದ್ದೇವೆ.

ಇದು ಬರೀ ನೀತಿಯ ಮಾತಲ್ಲ, ಬೇರಿನ ಮಾತೂ ಹೌದು. ಹಿಮ ಬೀಳುವ ಬೆಟ್ಟಗಳಲ್ಲಿ ಮರಕ್ಕೆ ಚಳಿಗಾಲದ ನಿದ್ದೆ ಇದೆ. ಚಿಗುರು ಒಡೆಯುವ ಮೊದಲು ಎತ್ತಿದರೆ ಅದಕ್ಕೆ ಅಷ್ಟಾಗಿ ಏಟು ತಟ್ಟುವುದಿಲ್ಲ. ಬಂಡೆಯ ತಗ್ಗಿನಲ್ಲಿ ಪಾಚಿ, ಮಣ್ಣು ಸೇರಿದ ಕಡೆ ಬೇರೆಲ್ಲ ಹೆಣೆದುಕೊಂಡಿದ್ದರೆ ಅಷ್ಟನ್ನೂ ಒಟ್ಟಿಗೆ ಎಬ್ಬಿಸಬಹುದು. ಅಲ್ಲೂ ಬಲ್ಲವರು ಒಂದೇ ಸಲಕ್ಕೆ ಕೀಳುವುದಿಲ್ಲ. ಮೊದಲು ಸುತ್ತ ಬೇರು ಕಡಿದು, ಹೊಸ ಬೇರು ಬರಲು ವರ್ಷಗಳನ್ನೇ ಕೊಟ್ಟು, ಆಮೇಲೆ ಎತ್ತುತ್ತಾರೆ.

ನಮ್ಮ ಬಯಲುಸೀಮೆಯ ಮರದ ಕತೆಯೇ ಬೇರೆ. ಅದು ಬದುಕಿರುವುದೇ ತಾಯಿಬೇರನ್ನು ಬಂಡೆಯ ಬಿರುಕಿನೊಳಗೆ ಆಳಕ್ಕೆ ಇಳಿಸಿದ್ದರಿಂದ. ಬುಡದ ಹತ್ತಿರ ಕೂದಲು ಬೇರು ಹುಡುಕಿದರೆ ಸಿಗುವುದೇ ಅಪರೂಪ. ಕಮರದ ಸಸಿ ಮೇಲೆ ಗೇಣುದ್ದ ಇರುವಾಗಲೇ ನೆಲದೊಳಗೆ ಅದರ ಹಲವು ಪಟ್ಟು ಇಳಿದಿರುತ್ತದೆ. ಆ ಬೇರು ತುಂಡಾದರೆ ಮುಗಿಯಿತು. ಶ್ರೀಗಂಧ ಇನ್ನೂ ವಿಚಿತ್ರ. ನೆರೆಯ ಗಿಡಗಳ ಬೇರಿಗೆ ತನ್ನ ಹೀರುಬೇರು ಅಂಟಿಸಿಕೊಂಡು ಬದುಕುವ ಮರ ಅದು. ಎಷ್ಟೇ ಜೋಪಾನವಾಗಿ ಅಗೆದರೂ ಎತ್ತಿದ್ದು ಅರ್ಧ ಮರವೇ, ಊಟ ಕೊಡುತ್ತಿದ್ದ ಉಳಿದರ್ಧ ನೆಲದಲ್ಲೇ ಇರುತ್ತದೆ. ಹೀಗೆ ಕಿತ್ತ ಮರ ಕುಂಡದಲ್ಲಿ ಒಂದೆರಡು ಸಲ ಚಿಗುರುವುದೂ ಉಂಟು. ಕಾಂಡದಲ್ಲಿ ಉಳಿದಿದ್ದ ಕಸುವು ಅದು. ಅದನ್ನೇ ‘ಹಿಡಿದುಕೊಂಡಿತು’ ಎಂದು ಭ್ರಮಿಸಿದವರು ಬೇಸಿಗೆ ಬಂದಾಗ ಒಣಕಡ್ಡಿಯ ಮುಂದೆ ಕೂತಿರುತ್ತಾರೆ.

ಕಾನೂನಿನಲ್ಲಿ ಗೊಂದಲವೇನಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದ ಗಿಡವೂ ಅರಣ್ಯ ಉತ್ಪನ್ನ, ಅನುಮತಿಯಿಲ್ಲದೆ ಕೀಳುವುದು ಅಪರಾಧ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ನಮ್ಮ ಕಲ್ಲುಬೆಟ್ಟಗಳಲ್ಲಿ ಹಲವು ಈ ಬೇಲಿಯೊಳಗೇ ಇವೆ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ, ಹಂಪಿಯ ಮಗ್ಗುಲಿನ ದರೋಜಿ 1994ರಿಂದ ಕರಡಿಗಳದ್ದು. ಬಂಡೆಗೆ ಅವಚಿಕೊಂಡ ಕಲ್ಲರಳಿಯೊಂದು ಅಲ್ಲಿ ಬರೀ ಚೆಂದದ ಕಾಂಡವಲ್ಲ. ಕಾಯಿ ಬಿಟ್ಟಾಗ ಆಸುಪಾಸಿನ ಹಕ್ಕಿಗಳಿಗೆಲ್ಲ ಊಟ ಅದು.

ಕಾನೂನಿಗಿಂತ ನನಗೆ ಹೆಚ್ಚು ಚುಚ್ಚುವುದು ಇನ್ನೊಂದು ಸಂಗತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಜೇನು, ಕಲ್ಲುಪಾಚಿ, ಬೆಟ್ಟದ ನೆಲ್ಲಿ ಸಂಗ್ರಹಿಸಿ ಬದುಕಿದವರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅಲ್ಲಿ ಮಾರಾಟಕ್ಕಾಗಿ ಇವನ್ನು ತರುವುದಕ್ಕೆ ತಡೆ ಬಿತ್ತು. ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಅವರ ಕೈಸೇರಿದ್ದು 2011ರಲ್ಲಿ. ಹೊಟ್ಟೆಪಾಡಿಗೆ ನೆಲ್ಲಿಕಾಯಿ ಕಿತ್ತವರು ಅಷ್ಟು ವರ್ಷ ಕಾಯಬೇಕಾದ ನಾಡಿನಲ್ಲಿ, ಬಾಲ್ಕನಿಯ ಶೋಭೆಗೆ ಮರವನ್ನೇ ಬುಡಸಮೇತ ಕೀಳುವವರು ‘ಒಂದು ಗಿಡ ತಾನೇ’ ಎನ್ನುವುದು ಯಾವ ಲೆಕ್ಕ?

ಆ ‘ಒಂದು ಗಿಡ’ದ ವಾದವೂ ನಿಲ್ಲುವುದಿಲ್ಲ. ಕೀಳುವವರು ಕಣ್ಣು ಮುಚ್ಚಿ ಆರಿಸುವುದಿಲ್ಲ. ಹಳೆಯದನ್ನು, ಬುಡ ದಪ್ಪಗಾದದ್ದನ್ನು, ಬರಗಳನ್ನು ದಾಟಿ ಉಳಿದದ್ದನ್ನೇ ಹುಡುಕುತ್ತಾರೆ. ಬೆಟ್ಟದಲ್ಲಿ ಬೀಜ ಕೊಡುವುದಕ್ಕೆ ಉಳಿಯಬೇಕಾದದ್ದು ಅದೇ ಮರ. ಇನ್ನು ಹವ್ಯಾಸಿಯ ಜಾಗದಲ್ಲಿ ವ್ಯಾಪಾರಿ ಬಂದರೆ ಲೆಕ್ಕ ಕೆಡುತ್ತದೆ. ಹತ್ತು ಕಿತ್ತು ಎಂಟು ಸತ್ತರೂ ಉಳಿದೆರಡರ ಬೆಲೆಯಲ್ಲಿ ಅವನಿಗೆ ನಷ್ಟವಾಗದು, ಏಕೆಂದರೆ ಸತ್ತ ಎಂಟಕ್ಕೆ ಅವನು ಕೊಟ್ಟದ್ದು ಅಗೆದವನ ಕೂಲಿ ಮಾತ್ರ.

ಹಾಗಾದರೆ ನಮ್ಮ ಮರ ನಮ್ಮ ಕುಂಡಕ್ಕೆ ಬರುವುದೇ ಬೇಡವೇ? ಬರಲಿ. ಅದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ತಲೆಯೆತ್ತಿ ಹಳೆಯ ಕಟ್ಟಡದ ಗೋಡೆ ನೋಡಿದರೆ ಸಾಕು. ಕುಟ್ರುಹಕ್ಕಿ, ಮೈನಾ, ಬಾವಲಿ ತಿಂದು ಉಗುಳಿದ, ಹಿಕ್ಕೆ ಹಾಕಿದ ಅರಳಿ, ಆಲ, ಬಸರಿ, ಅತ್ತಿಯ ಬೀಜಗಳು ಮಾಳಿಗೆ ಮನೆಯ ಸಜ್ಜೆಯಲ್ಲಿ, ಮಳೆನೀರಿನ ಕೊಳವೆಯ ಬಾಯಲ್ಲಿ, ಪಾಳುಬಾವಿಯ ಕಟ್ಟೆಕಲ್ಲಿನ ಸಂದಿಯಲ್ಲಿ ಮೊಳೆಯುತ್ತವೆ. ಅಲ್ಲಿ ಮಣ್ಣಿಲ್ಲ, ನೀರು ಮಳೆಗಾಲದಲ್ಲಷ್ಟೆ. ಮೇಲಿನಿಂದ ವರ್ಷಕ್ಕೊಮ್ಮೆ ಯಾರೋ ಮಚ್ಚು ಬೀಸುತ್ತಾರೆ. ಮತ್ತೆ ಚಿಗುರುತ್ತದೆ. ಬೆಟ್ಟದ ಗಾಳಿ ಮಾಡುವ ಕೆಲಸವನ್ನೆಲ್ಲ ಇಲ್ಲಿ ಮಚ್ಚು ಮಾಡಿರುತ್ತದೆ.

ಇಂಥದ್ದೊಂದನ್ನು ಬಿಡಿಸುವುದನ್ನು ಹತ್ತಿರದಿಂದ ನೋಡಬೇಕು. ಗಾರೆ ಸಡಿಲಿಸಿ ಒಂದು ಇಟ್ಟಿಗೆ ಈಚೆಗೆ ತೆಗೆದರೆ ಹಿಂದೆ ಬೇರು ಕಾಣುತ್ತದೆ; ದುಂಡಗಲ್ಲ, ಎರಡು ವರಸೆಯ ನಡುವೆ ಸಿಕ್ಕಿ ರಿಬ್ಬನ್ನಿನಂತೆ ಚಪ್ಪಟೆಯಾಗಿ ಹರಿದಿರುತ್ತದೆ. ಉಳಿ ತಾಗಿದಲ್ಲೆಲ್ಲ ಹಾಲು ಒಸರುತ್ತದೆ. ಪೂರ್ತಿ ಬೇರು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಆಲದ ಜಾತಿಯ ಮರಗಳು ಗುಣದಲ್ಲಿ ಕಮರಕ್ಕೆ ತೀರಾ ವಿರುದ್ಧ. ಸಾಲುಮರ ನೆಡುವಾಗ ಆಲ, ಗೋಣಿಯ ದಪ್ಪ ಕೊಂಬೆಗಳನ್ನೇ ಕಡಿದು ನೆಟ್ಟು ಬದುಕಿಸಿದ ನಾಡು ನಮ್ಮದು. ಮುಂಗಾರು ಹಿಡಿಯುವ ಹೊತ್ತಿಗೆ ಬಿಡಿಸಿ, ರೆಂಬೆಗಳನ್ನು ಮೋಟು ಮಾಡಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ತುಂಬಿದ ತೊಟ್ಟಿಯಲ್ಲಿ ನೆರಳಿಗಿಟ್ಟರೆ ಮೂರು ನಾಲ್ಕು ವಾರದಲ್ಲಿ ಬೋಳು ಕಾಂಡದ ಮೇಲೆ ಕೆಂಪು ಮೊಗ್ಗು ಕಾಣಿಸುತ್ತದೆ. ಚಪ್ಪಟೆ ಬೇರನ್ನು ಆಮೇಲೆ ಕಲ್ಲಿನ ಮೇಲೆ ಹಬ್ಬಿಸಿದರೆ ಅದರ ಚೆಂದವೇ ಬೇರೆ. (ಎಲೆಯನ್ನು ಪಳಗಿಸಿ ಚಿಕ್ಕದು ಮಾಡಬಹುದು, ಹಣ್ಣನ್ನು ಮಾಡಲಾಗದು. ಗೇಣುದ್ದದ ಅತ್ತಿ ಮರದಲ್ಲಿ ಪೂರ್ತಿ ಗಾತ್ರದ ಅತ್ತಿಹಣ್ಣು ನೋಡಲು ತುಸು ತಮಾಷೆ.)

ಈ ಮರಗಳಿಗೆ ಗೋಡೆಯ ಮೇಲೆ ಭವಿಷ್ಯವಿಲ್ಲ. ಬೇರು ಬಲಿತರೆ ಗೋಡೆ ಬಿರಿಯುತ್ತದೆ. ಹಾಗಾಗಿ ಕಟ್ಟಡ ನೋಡಿಕೊಳ್ಳುವವರು ಒಂದಲ್ಲ ಒಂದು ದಿನ ಕಡಿದು, ಬುಡಕ್ಕೆ ರಾಸಾಯನಿಕ ಸುರಿದೇ ಸುರಿಯುತ್ತಾರೆ. ಅದರಲ್ಲೂ ಅರಳಿಯಾದರೆ ಕೂಲಿಯಾಳು ಕೈಯಿಡಲು ಹಿಂಜರಿಯುತ್ತಾನೆ, ದೇವರ ಮರ ಎಂದು. ಕುಂಡದಲ್ಲಿ ಬದುಕುತ್ತದೆ ಎಂದರೆ ಅವನೇ ಏಣಿ ಹಾಕುತ್ತಾನೆ. ಮನೆಯೊಳಗೆ ಅರಳಿ ಆಗದು ಎನ್ನುವ ವಾಸ್ತು ಪಂಡಿತರನ್ನು ಒಪ್ಪಿಸುವುದು ಬೇರೆಯದೇ ಕಷ್ಟ, ಅದನ್ನು ಅವರವರ ಮನೆಗೇ ಬಿಡೋಣ.

‘ಸಾಯುವ ಮರ ಉಳಿಸಿದೆ’ ಎಂಬ ಮಾತು ಬಲು ಬೇಗ ಹಿಗ್ಗುತ್ತದೆ ಎಂಬ ಎಚ್ಚರ ಮಾತ್ರ ಇರಬೇಕು. ಮೇಕೆ ತಿನ್ನುತ್ತಿತ್ತು, ಕಾಡ್ಗಿಚ್ಚು ಬರುತ್ತಿತ್ತು ಎಂದು ಬೆಟ್ಟದ ಮರಕ್ಕೂ ಇದೇ ನೆಪ ಹೇಳುವವರಿದ್ದಾರೆ. ಮೇಕೆ ತಿಂದರೂ, ಬೆಂಕಿ ತಾಗಿದರೂ ಆ ಮರ ಅಲ್ಲಿ ಅಷ್ಟು ವರ್ಷ ಉಳಿದಿದೆಯಲ್ಲ? ಹಾಗೆಯೇ ಸಂರಕ್ಷಿತ ಸ್ಮಾರಕದ ಮೇಲಿನ ಅರಳಿಗೆ ಹವ್ಯಾಸಿ ತಾನೇ ಏಣಿ ಹಾಕಕೂಡದು. ಬೇರೆಳೆಯುವಾಗ ಜಾರುವ ಒಂದು ಕಲ್ಲು ಯಾವ ಬೋನ್ಸಾಯಿಗಿಂತಲೂ ಹಳೆಯದು. ಅಲ್ಲಿ ಪುರಾತತ್ವ ಇಲಾಖೆಯವರೇ ಬಿಡಿಸಬೇಕು, ಬಿಡಿಸಿದ್ದನ್ನು ಕೊಡಬಹುದು. ಲೋಕೋಪಯೋಗಿ, ಮುಜರಾಯಿ ಇಲಾಖೆಗಳ ಸಾವಿರಾರು ಹಳೆಯ ಕಟ್ಟಡಗಳಲ್ಲಿ ಇದು ಇನ್ನೂ ಸುಲಭ. ಮಳೆಗಾಲಕ್ಕೆ ಮುಂಚೆ ಗಿಡ ತೆರವು ಮಾಡಬೇಕಾದ ಕಟ್ಟಡಗಳ ಪಟ್ಟಿಯನ್ನು ಆಯಾ ಊರಿನ ಬೋನ್ಸಾಯಿ ಸಂಘಕ್ಕೆ ಕೊಟ್ಟರೆ, ತೆರವಿನ ಕೆಲಸದಲ್ಲಿ ಅರ್ಧ ಅವರೇ ಮಾಡಿಯಾರು. ಸಂಘಗಳೂ ಪ್ರದರ್ಶನಕ್ಕೆ ಬರುವ ಮರದ ಮೂಲವನ್ನು ಬರೆಯಿಸಿಕೊಳ್ಳಲಿ. ಮೂಲ ಹೇಳಲಾಗದ ಹಳೆಯ ಮರಕ್ಕೆ ಬಹುಮಾನ ಕೊಡದಿರಲಿ.

ಗೋಡೆಯ ಹಾಗೆಯೇ ಇನ್ನೊಂದು ಜಾಗವಿದೆ: ಬಡಾವಣೆಯಾಗಲಿರುವ ಹೊಲದ ಬದು. ದೇವನಹಳ್ಳಿ ತಾಲ್ಲೂಕನ್ನೇ ನೋಡಿ. ಅಲ್ಲಿನ ನಲ್ಲೂರಿನ 54 ಎಕರೆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮರುವರ್ಷವೇ ವಿಮಾನ ನಿಲ್ದಾಣ ತೆರೆಯಿತು, ಸುತ್ತಲ ಹೊಲಗಳು ನಿವೇಶನಗಳಾಗತೊಡಗಿದವು. ತೋಪಿನ ಒಂದು ಕಡ್ಡಿಯನ್ನೂ ಮುಟ್ಟಬಾರದು, ಸರಿ. ಬದುಗಳಲ್ಲಿ ಮೇಕೆ ಮೇದು ಮೇದು ಕುಳ್ಳಗೆ ದಪ್ಪಗಾದ ಎಲಚಿ, ಕಾರೆ, ಹುಣಸೆಗಳನ್ನೋ, ಜೆಸಿಬಿ ಒಂದೇ ಮಧ್ಯಾಹ್ನದಲ್ಲಿ ಗುಡ್ಡೆ ಹಾಕುತ್ತದೆ. ಅವುಗಳಲ್ಲೂ ಎಲ್ಲವೂ ಬದುಕುವುದಿಲ್ಲ, ತಾಯಿಬೇರಿನ ಕಷ್ಟ ಅಲ್ಲೂ ಇದೆ. ಆದರೆ ಅಲ್ಲಿ ಸೋತರೆ ಹೋಗುವುದು ಹೇಗೂ ಹೋಗಲಿದ್ದ ಗಿಡ.

ಅಮೆರಿಕದ ಕೆಲವು ರಾಷ್ಟ್ರೀಯ ಅರಣ್ಯಗಳಲ್ಲಿ ಸಣ್ಣ ಶುಲ್ಕ ಕಟ್ಟಿ ಗಿಡ ಎತ್ತಲು ಪರವಾನಗಿ ಪಡೆಯಬಹುದು, ಇಲ್ಲೂ ಹಾಗೆ ಮಾಡಿ ಎಂದು ಕೇಳುವವರಿದ್ದಾರೆ. ಕಾಡಿನ ಮಟ್ಟಿಗೆ ನಾನು ಒಪ್ಪುವುದಿಲ್ಲ. ಒಂದು ಗಿಡದ ಚೀಟಿ ತೋರಿಸಿ ಹತ್ತು ಗಿಡ ಸಾಗಿಸಿದರೆ ಎಣಿಸುವಷ್ಟು ಸಿಬ್ಬಂದಿ ನಮ್ಮ ಚೆಕ್‌ಪೋಸ್ಟುಗಳಲ್ಲಿಲ್ಲ. ಬದುವಿನ ಗಿಡಕ್ಕೆ ಅಷ್ಟು ದೊಡ್ಡ ವ್ಯವಸ್ಥೆಯೂ ಬೇಡ. ಜಮೀನಿನ ಮಾಲೀಕರದೊಂದು ಒಪ್ಪಿಗೆ ಪತ್ರ, ಮರವೆನ್ನಿಸುವಷ್ಟು ಬೆಳೆದದ್ದಾದರೆ ವೃಕ್ಷ ಅಧಿಕಾರಿಯ ಅನುಮತಿ, ಜೆಸಿಬಿ ಬರುವ ದಿನ ಯಾವುದೆಂಬ ಮುನ್ಸೂಚನೆ. ಬಡಾವಣೆಗೆ ಮಂಜೂರಾತಿ ಕೊಡುವ ಪ್ರಾಧಿಕಾರಗಳು ಈ ಮೂರನ್ನು ಷರತ್ತಾಗಿ ಸೇರಿಸಲು ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ.